ಬೆಳಗಿನ ಹೊತ್ತು ಏಳದ ಕಂಪ್ಯೂಟರು

ನಾನು ಹುಟ್ಟಾ ಅಂಜುಬುರುಕಿ. ಮಿಂಚಿಗೆ ಅಂಜುತ್ತೇನೆ, ಕುಕ್ಕರಿನ ಸೀಟಿಗೆ ಅಂಜುತ್ತೇನೆ, ಲಕ್ಷ್ಮೀ ರಸ್ತೆ ದಾಟಬೇಕಾದರೆ ಇವತ್ತಿಗೂ ಪಕ್ಕದಲ್ಲಿ ನಿಂತ ಅಪರಿಚಿತ ಹೆಂಗಸಿನ ಸೆರಗಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಅಂಥವಳು ದಿನವಿಡೀ ಒಂದು ಯಂತ್ರದ ಮುಂದೆ ಕಳೆಯುವ ಹಾಗಾದದ್ದು ವಿಚಿತ್ರವೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾವು ಪುಣೆಯ ಕೋಥ್ರೂಡಿನಲ್ಲಿ, ಒಂದು ಹಳೆಯ ಸೊಸೈಟಿಯ ಮೂರನೆಯ ಮಹಡಿಯಲ್ಲಿದ್ದೆವು. ನನ್ನ ಗಂಡ ಬಾರಾಮತಿಯ ಒಂದು ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದರು. ಸೋಮವಾರ ನಸುಕಿನ ಎಸ್‌ಟಿ ಬಸ್ಸು ಹಿಡಿದು ಹೋದರೆ ಶನಿವಾರ ಸಂಜೆಗೆ ಬರುವುದು. ಉಳಿದ ದಿನ ಮನೆಯಲ್ಲಿ ನಾವು ಮೂವರು ಹೆಂಗಸರೇ: ನಾನು, ಆಗಷ್ಟೇ ಶಾಲೆಗೆ ಸೇರಿದ್ದ ನನ್ನ ಮಗಳು, ಮತ್ತು ಜಮಖಂಡಿ ಕಡೆಯ ನನ್ನ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದರು. ಎತ್ತರದ ಆಳು, ದೊಡ್ಡ ದನಿ. ಮರಾಠಿಯನ್ನು ಕನ್ನಡದ ಹಾಗೆಯೇ ಮಾತಾಡಿ ಕಾಯಿಪಲ್ಲೆಯವರನ್ನು ಅಂಜಿಸುತ್ತಿದ್ದರು. ಅವರಿಗೆ ಅಂಜಿಕೆ ಎಂಬುದೇ ಇಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ನನ್ನ ಕೆಲಸ ಹೀಗಿತ್ತು. ಪರದೇಶದ ಡಾಕ್ಟರುಗಳು ರೋಗಿಗಳನ್ನು ನೋಡಿ ಬಾಯಿಂದ ಹೇಳಿಟ್ಟ ಟಿಪ್ಪಣಿಗಳು ಫೋನಿನ ತಂತಿಯ ಮೂಲಕ ನನ್ನ ಕಂಪ್ಯೂಟರಿಗೆ ಬರುತ್ತಿದ್ದವು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ, ಟೈಪ್ ಮಾಡಿ, ಮಧ್ಯಾಹ್ನದೊಳಗೆ ವಾಪಸು ಕಳಿಸಬೇಕು. ಕಳಿಸುವುದು ತಡವಾದರೆ ಅಲ್ಲಿ ಯಾರದೋ ಆಪರೇಷನ್ನು ನಿಂತುಹೋಗುತ್ತದೆ ಎಂದು ಕೆಲಸ ಕೊಡುತ್ತಿದ್ದ ಕಚೇರಿಯ ಮೇಡಂ ಮೊದಲ ದಿನವೇ ಹೇಳಿದ್ದರು. ಅದು ಎಷ್ಟು ನಿಜವೋ ಗೊತ್ತಿಲ್ಲ. ನಾನಂತೂ ಪೂರ್ತಿ ನಂಬಿದ್ದೆ. ಮಗಳನ್ನು ಶಾಲೆಯ ರಿಕ್ಷಾಕ್ಕೆ ಹತ್ತಿಸಿ ಬಂದವಳೇ ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದೆ.

ದೀಪಾವಳಿ ಕಳೆದು ಥಂಡಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಅದು ಏಳಲಿಲ್ಲ.

ಏಳಲಿಲ್ಲ ಎಂದರೆ, ಏಳುವ ಹಾಗೆ ಮಾಡಿ ಬಿದ್ದುಹೋಯಿತು. ಎಂದಿನ ಹಾಗೆ ಒಂದು ಬೀಪ್, ಕಪ್ಪು ಪರದೆಯ ಮೇಲೆ ಓಡುವ ಅಂಕಿಗಳು, ಆಮೇಲೆ ಮೋಡದ ಚಿತ್ರ. ಆಮೇಲೆ ಟಕ್ಕನೆ ಪರದೆ ಪೂರಾ ನೀಲಿ, ಅದರ ಮೇಲೆ ತಲೆಬುಡ ತಿಳಿಯದ ಬಿಳಿ ಅಕ್ಷರ. ನಾನು ಓದುವುದರೊಳಗೆ ಅದೂ ಆರಿ, ಯಂತ್ರ ತಾನಾಗಿಯೇ ಮತ್ತೆ ಶುರುವಾಯಿತು. ಮತ್ತೆ ಬೀಪ್, ಮತ್ತೆ ಅಂಕಿ, ಮತ್ತೆ ನೀಲಿ. ಯಾರೋ ಏಳಲು ಹೋಗಿ ಹೋಗಿ ಕುಸಿಯುತ್ತಿದ್ದ ಹಾಗಿತ್ತು. ನಾನು ಕುರ್ಚಿಯಿಂದ ಎದ್ದು ಗೋಡೆಗೆ ಆತು ನಿಂತುಬಿಟ್ಟೆ.

ಪೂಜೆಯ ಹೂವು ಬಿಡಿಸುತ್ತ ಕುಳಿತಿದ್ದ ಅತ್ತೆ ನೋಡಿದರು. "ಯಾಕವಾ, ಏನಾತು?"

"ಚಾಲೂ ಆಗವಲ್ದು ನೋಡ್ರಿ ಅತ್ತಿ."

"ಅದಕ್ಕೂ ಥಂಡಿ ಹತ್ತಿರಬೇಕು. ಸ್ವಲ್ಪ ಬಿಡು," ಎಂದು ಅವರು ಸ್ನಾನಕ್ಕೆ ಹೋದರು. ಅವರು ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚಿದ ಮೇಲೆ ನಾನು ಕೈಮುಗಿದು ಇನ್ನೊಮ್ಮೆ ಗುಂಡಿ ಒತ್ತಿದೆ. ಶುರುವಾಯಿತು. ದಿನವಿಡೀ ಒಂದು ಚೂರೂ ತಂಟೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಅದೇ. ಅದರ ಮರುದಿನವೂ ಅದೇ.

ಕರ್ವೆ ರಸ್ತೆಯ ಹತ್ತಿರ ಕಂಪ್ಯೂಟರ್ ರಿಪೇರಿಯ ಒಂದು ಸಣ್ಣ ಅಂಗಡಿಯಿತ್ತು. ನಮ್ಮ ಕಂಪ್ಯೂಟರನ್ನು ಜೋಡಿಸಿಕೊಟ್ಟವರೂ ಅದರ ಮಾಲೀಕರೇ. ನಲವತ್ತರ ಆಚೆಯ ಮರಾಠಿ ಗೃಹಸ್ಥರು, ಮೂಗಿನ ತುದಿಗೆ ಕನ್ನಡಕ, ಯಾವುದಕ್ಕೂ ಗಾಬರಿಯಾಗದ ಸ್ವಭಾವ. ಫೋನು ಮಾಡಿದರೆ "ಘಾಬರೂ ನಕಾ ವಹಿನೀ" ಎಂದೇ ಮಾತು ಶುರು ಮಾಡುವರು. ಹೆದರಬೇಡಿ ಅತ್ತಿಗೆಯವರೇ ಎಂದು ಅವರು ಹೇಳಿದಾಗಲೆಲ್ಲ ಹೆದರುವಂಥದ್ದು ಏನೋ ಇದೆ ಎಂದೇ ನನಗೆ ಅನಿಸುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದರು. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಒಳಗಿನ ಹಸಿರು ಪಟ್ಟಿಯೊಂದನ್ನು ಕಿತ್ತು, ನನ್ನ ಮಗಳ ರಬ್ಬರು ಕೇಳಿ ತೆಗೆದುಕೊಂಡು ಅದರ ಹಿತ್ತಾಳೆಯಂಥ ಹಲ್ಲುಗಳನ್ನು ಉಜ್ಜಿ ಕೂಡಿಸಿದರು. ಧೂಳು ಊದಿದರು. ಗುಂಡಿ ಒತ್ತಿದರೆ ಹೂವಿನ ಹಾಗೆ ಶುರುವಾಯಿತು. ಚಹಾ ಕುಡಿದು ಹೋದರು.

ಮರುದಿನ ಬೆಳಿಗ್ಗೆ ನೀಲಿ.

ಅವರು ಫೋನಿನಲ್ಲಿ ಹೇಳಿದ ಹಾಗೆ ಇಂಥ ಕೀಲಿ ಒತ್ತಿ ಹಿಡಿ, ಅಂಥದ್ದನ್ನು ಬಿಡು ಎಂದು ನಾನು ಏನೇನೋ ಮಾಡಿದೆ. ಒದ್ದಾಡಿ ಒದ್ದಾಡಿ ಕೊನೆಗೊಮ್ಮೆ ಅದು ಏಳುತ್ತಿತ್ತು. ಯಾವುದನ್ನು ಮಾಡಿದ್ದರಿಂದ ಎದ್ದಿತು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಹಿಂದಿನ ದಿನ ಏನೇನು ಮಾಡಿದ್ದೆನೋ ಅದನ್ನೆಲ್ಲ ಅದೇ ಸರದಿಯಲ್ಲಿ ಮಾಡತೊಡಗಿದೆ. ಮೊದಲು ಪರದೆ ಒರೆಸುವುದು, ಆಮೇಲೆ ಫೋನಿನ ತಂತಿ ಚುಚ್ಚುವುದು, ಗುಂಡಿ ಒತ್ತುವಾಗ ಉಸಿರು ಹಿಡಿಯುವುದು. ಓದು ಬರಹ ಬಲ್ಲವಳು ನಾನು, ಆದರೆ ಅಂಜಿಕೆ ಹೊಕ್ಕ ಮೇಲೆ ಓದು ಎಲ್ಲಿರುತ್ತದೆ? ಕಚೇರಿಯಿಂದ ಮೇಡಂ ಫೋನು ಮಾಡಿ, ಹೀಗೆ ತಡವಾದರೆ ಫೈಲುಗಳನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ತಣ್ಣಗಿನ ಇಂಗ್ಲಿಷಿನಲ್ಲಿ ಹೇಳಿದರು.

ರಿಪೇರಿಯವರು ಡಬ್ಬಿಯನ್ನೇ ಅಂಗಡಿಗೆ ಒಯ್ದರು. ಒಳಗಿನ ಸಾಫ್ಟ್‌ವೇರನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದರು, ಕರೆಂಟು ಹಂಚುವ ಭಾಗವನ್ನು ಬದಲಿಸಿದರು, ಹಗಲೆಲ್ಲ ಚಾಲೂ ಇಟ್ಟು ನೋಡಿದರು. ಒಂದು ಸಲವೂ ಬೀಳಲಿಲ್ಲವಂತೆ. ವಾಪಸು ತಂದುಕೊಟ್ಟ ಸಂಜೆ ನಮ್ಮಲ್ಲೂ ನೆಟ್ಟಗೆ ನಡೆಯಿತು. ಬೆಳಗಾಯಿತು, ಗುಂಡಿ ಒತ್ತಿದೆ, ನೀಲಿ.

"ಆಮಚ್ಯಾಕಡೇ ತರ್ ಮಸ್ತ ಚಾಲತೋ," ಎಂದರು ಅವರು. ನಮ್ಮಲ್ಲಿ ಚೆನ್ನಾಗಿಯೇ ನಡೆಯುತ್ತದಲ್ಲ ಎಂಬುದು ಅವರ ಪಾಲಿಗೆ ಸಮಾಧಾನದ ಮಾತು. ನನ್ನ ಪಾಲಿಗಲ್ಲ. ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಮಧ್ಯಾಹ್ನ ನಡೆಯುತ್ತದೆ, ಬೆಳಿಗ್ಗೆ ನಡೆಯುವುದಿಲ್ಲ. ಹಾಗಾದರೆ ಕೆಟ್ಟಿದ್ದು ಯಾವುದು?

ಐತವಾರ ನನ್ನ ಗಂಡ ಎದ್ದವರೇ, ಇನ್ನೂ ಯಾರ ಸ್ನಾನವೂ ಆಗಿರದ ಹೊತ್ತಿನಲ್ಲಿ, ಇಸ್ಪೀಟಿನ ಆಟವಾಡಲು ಕಂಪ್ಯೂಟರ್ ಹಾಕಿದರು. ಒಂದೇ ಏಟಿಗೆ ಶುರುವಾಯಿತು. ಚಹಾದ ಕಪ್ಪು ಹಿಡಿದು ನನ್ನ ಕಡೆ ತಿರುಗಿ ನಕ್ಕರು. "ಏನೂ ಆಗಿಲ್ಲಲ್ಲ ಇದಕ್ಕ? ನಿನ್ನ ಕೈಗುಣ ನೋಡು."

ಅವರು ಚೇಷ್ಟೆಗೆ ಅಂದದ್ದು. ಆದರೆ ಆ ಮಾತು ನನ್ನೊಳಗೆ ಇಳಿದು ಕೂತಿತು. ನನ್ನ ಕೈಗೇ ಏನೋ ಆಗಿದೆಯೋ, ನನ್ನ ತಲೆಗೇ ಏನೋ ಆಗಿದೆಯೋ ಎಂದು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಹೆಡ್‌ಫೋನಿನಲ್ಲಿ ದಿನಾ ಕೇಳುತ್ತಿದ್ದುದು ಬೇರೆಯವರ ರೋಗಗಳನ್ನೇ. ಅವುಗಳಲ್ಲಿ ಒಂದೊಂದೂ ನನ್ನದೇ ಅನಿಸತೊಡಗಿತು.

ಅದೇ ಸುಮಾರಿಗೆ ಕಂಪ್ಯೂಟರು ಕಚ್ಚಲು ಶುರುಮಾಡಿತು. ಮೊದಲು ಅದು ಕಚ್ಚಿದ್ದು ನನ್ನ ಮಗಳನ್ನು. ಶಾಲೆಗೆ ಹೊರಟು ನಿಂತವಳು ಡಬ್ಬಿಯ ಹಿಂಭಾಗದ ತಗಡಿಗೆ ಕೈ ಇಟ್ಟು ಚಿಟ್ಟನೆ ಚೀರಿದಳು. "ಮಮ್ಮೀ, ಇದು ಕಡೀತದ!" ನಾನು ಬೆರಳ ತುದಿಯಿಂದ ಮುಟ್ಟಿ ನೋಡಿದೆ. ಇರುವೆ ಸಾಲು ಹರಿದ ಹಾಗೆ ಜುಂ ಎಂದಿತು. ರಿಪೇರಿಯವರಿಗೆ ಹೇಳಿದೆ. ಥಂಡಿಯ ಒಣ ಹವೆಯಲ್ಲಿ ಸ್ವೆಟರು ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅಂಥದ್ದೇ ಇದು, ರಬ್ಬರಿನ ಚಪ್ಪಲಿ ಹಾಕಿಕೊಂಡು ಕೆಲಸ ಮಾಡಿ ಎಂದರು. ಅವರು ಮಧ್ಯಾಹ್ನ ಬಂದು ಮುಟ್ಟಿದಾಗ ಏನೂ ಇರುತ್ತಿರಲಿಲ್ಲ.

ಮಗಳನ್ನು ಆ ಮೂಲೆಗೆ ಹೋಗದ ಹಾಗೆ ಕಾಯತೊಡಗಿದೆ. ನಾನು ಚಪ್ಪಲಿ ಹಾಕಿಕೊಂಡು ಕೂತೆ. ಅತ್ತೆಗೆ ಅದು ಸೇರಲಿಲ್ಲ. "ಮನ್ಯಾಗ ಚಪ್ಪಲಿ? ಅದೂ ದೇವರ ಖೋಲಿ ಎದುರಿಗೆ?" ಎಂದು ಕೆಂಪಗೆ ನೋಡಿದರು. ಆದರೆ ಯಾವಾಗಿನ ಹಾಗೆ ಮುಂದುವರಿದು ಬೈಯಲಿಲ್ಲ. ಅದು ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು.

ಆಮೇಲೆ ಗಮನಿಸಿದೆ. ಅತ್ತೆ ಕೆಲವು ದಿನಗಳಿಂದ ಮೊದಲಿನ ಹಾಗೆ ಇರಲಿಲ್ಲ. ಮಾತು ಕಡಿಮೆಯಾಗಿತ್ತು. ಹೊತ್ತುಹೊತ್ತಿಗೂ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಎಳೆದುಕೊಳ್ಳುವರು. ಬಿಸಿ ಎಣ್ಣೆ ಹಚ್ಚಿಕೊಂಡು ಒಲೆಯ ಹತ್ತಿರ ಕೂಡುವರು. ಒಂದು ಮಧ್ಯಾಹ್ನ ಬಳ್ಳೊಳ್ಳಿ ಸುಲಿಯುತ್ತಿದ್ದರು, ಚಾಕು ಎಡಗೈಯಲ್ಲಿತ್ತು. ಕೇಳಿದರೆ "ಏನಿಲ್ಲ, ಸುಮ್ಮ" ಎಂದರು.

ಇನ್ನೊಂದು ದಿನ ನಾನು ಟೈಪ್ ಮಾಡುತ್ತಿದ್ದಾಗ ಹಿಂದೆ ಬಂದು ನಿಂತರು. ಹೆಡ್‌ಫೋನ್ ತೆಗೆದು ತಿರುಗಿದೆ.

"ನೀ ಡಾಕ್ಟರದು ಎಲ್ಲಾ ಬರೀತಿ ಅಲ್ಲ," ಎಂದರು, "ಲಕ್ವಾ ಹೊಡ್ಯೂದು ಹೆಂಗ ಸುರು ಆಗ್ತದ?"

"ಯಾಕ್ರಿ ಅತ್ತಿ?"

"ಸುಮ್ಮ ಕೇಳ್ದೆ. ಕೈಯಿಂದ ಸುರು ಆಗ್ತದೇನು?"

ಹಾಗೂ ಆಗುತ್ತದೆ, ಕೈ ಜೋಮು ಹಿಡಿಯುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ ಎಂದು ನಾನು ಬರೆದು ಬರೆದು ಗೊತ್ತಿದ್ದುದನ್ನು ಹೇಳಿಬಿಟ್ಟೆ. ಹೇಳುತ್ತಲೇ ಅವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರನ್ನು ನೋಡುತ್ತ "ಹೂಂ" ಎಂದು ಹೊರಟುಹೋದರು. ಆ ಸಂಜೆಯಿಂದ ನನಗೆ ಎರಡು ಅಂಜಿಕೆಗಳಾದವು. ಶನಿವಾರ ಗಂಡ ಬಂದ ಕೂಡಲೇ ಅತ್ತೆಯನ್ನು ದವಾಖಾನೆಗೆ ಕರೆದುಕೊಂಡು ಹೋಗಬೇಕು ಎಂದು ಮನಸ್ಸಿನಲ್ಲಿ ನಿಶ್ಚಯಿಸಿದೆ.

ಶನಿವಾರದ ತನಕ ಕಾಯುವುದು ಆಗಲಿಲ್ಲ.

ಅದಕ್ಕೂ ಮುಂಚಿನ ಒಂದು ಬೆಳಿಗ್ಗೆ ರಿಪೇರಿಯವರು ತಮ್ಮ ಅಂಗಡಿಯ ಯುಪಿಎಸ್ ತಂದು ಹಾಕಿ ನೋಡುತ್ತೇನೆ, ಅಂಗಡಿ ತೆರೆಯುವ ಮೊದಲೇ ಬರುತ್ತೇನೆ ಎಂದಿದ್ದರು. ಅಷ್ಟು ಹೊತ್ತಿಗೆ ಅವರು ಬರುತ್ತಿದ್ದುದು ಅದೇ ಮೊದಲು. ಮಗಳು ಶಾಲೆಗೆ ಹೋಗಿದ್ದಳು. ಅತ್ತೆಯದು ಏನೋ ಉಪವಾಸದ ದಿನ, ಅವರ ಮನಸ್ಸಿಗೆ ಕಿರಿಕಿರಿ ಬೇಡವೆಂದು ನಾನು ಚಪ್ಪಲಿಯನ್ನು ಬಾಗಿಲಾಚೆಯೇ ಬಿಟ್ಟಿದ್ದೆ. ಗುಂಡಿ ಒತ್ತಿದೆ, ನೀಲಿ ಬಂತು. ಹಿಂದಿನ ತಂತಿ ಸಡಿಲಾಗಿದೆಯೋ ನೋಡೋಣವೆಂದು ಮೇಜಿನ ಕೆಳಗೆ ತೂರಿ ಕೂತೆ. ತಂತಿ ಒತ್ತುವಾಗ ನನ್ನ ಬರಿಯ ಮೊಣಕೈ ತಗಡಿಗೆ ತಾಗಿತು.

ಅದು ಇರುವೆ ಹರಿದ ಹಾಗಿರಲಿಲ್ಲ. ಒನಕೆಯಿಂದ ಹೊಡೆದ ಹಾಗೆ ಭುಜದ ತನಕ ಬಡಿಯಿತು. ತಲೆ ಮೇಜಿಗೆ ಬಡಿದುಕೊಂಡು ಹೊರಗೆ ಬಿದ್ದೆ. ಕೈ ಕೊಡವುತ್ತ, ಅಳುವುದಕ್ಕೂ ಉಸಿರಿಲ್ಲದೆ ನಡುಮನೆಯ ಪ್ಯಾಸೇಜಿಗೆ ಬಂದೆ. ಅದೇ ಹೊತ್ತಿಗೆ ಬಚ್ಚಲಿನಿಂದ ಅತ್ತೆ ಹೊರಗೆ ಬಂದರು. ಸೀರೆಯ ಅಂಚು ಮೇಲಕ್ಕೆ ಸಿಕ್ಕಿಸಿಕೊಂಡಿದ್ದರು, ಪಾದ ಒದ್ದೆ, ಮುಖ ಬೂದಿಯ ಹಾಗೆ. ಅವರೂ ತಮ್ಮ ಬಲಗೈಯನ್ನು ಕೊಡವುತ್ತಿದ್ದರು.

ನಾವಿಬ್ಬರೂ ಒಬ್ಬರ ಕೈಯನ್ನು ಒಬ್ಬರು ನೋಡುತ್ತ ನಿಂತೆವು.

"ನಿನಗೂ ಬಂತೇನ?" ಎಂದರು ಅತ್ತೆ, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ.

"ಏನು ಬರೂದ್ರಿ?"

"ಅದೇ. ಕೈ ಜುಂ ಅನ್ನೂದು."

"ನಿಮಗ ಎಲ್ಲಿ ಬಂತ್ರಿ ಅತ್ತಿ?"

"ಬಚ್ಚಲದಾಗ. ದಿನಾ ಮುಂಜಾನೆ ಬರ್ತದ. ನೀರು ಹಿಡಿಯೂ ಮುಂದ..."

ಒಳಗೆ ಬಕೀಟು ತುಂಬಿ ನೀರು ನೆಲಕ್ಕೆ ಚೆಲ್ಲುವ ಸದ್ದಾಯಿತು. ನೀರು ಬರುವುದೇ ಬೆಳಗಿನ ಸ್ವಲ್ಪ ಹೊತ್ತು, ಒಂದು ತಂಬಿಗೆ ಚೆಲ್ಲಿದರೂ ಅತ್ತೆಗೆ ಜೀವ ತಡೆಯುತ್ತಿರಲಿಲ್ಲ. "ಅಯ್ಯ, ನೀರು," ಎಂದು ಮಾತನ್ನು ಅಲ್ಲಿಯೇ ಬಿಟ್ಟು ಒಳಗೆ ನಡೆದರು. ನನ್ನ ಕಣ್ಣು ಬಚ್ಚಲ ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ ಬಿತ್ತು. ಗೀಸರಿನ ಸ್ವಿಚ್ಚು. ಅದರ ಕೆಂಪು ದೀಪ ಉರಿಯುತ್ತಿತ್ತು. ದಿನಾ ಬೆಳಿಗ್ಗೆ ಉರಿಯುತ್ತಿತ್ತು. ಅತ್ತೆ ಬಕೀಟು ತುಂಬಿಕೊಂಡು ಅದನ್ನು ಆರಿಸಿ, ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚುತ್ತಿದ್ದರು. ಆಮೇಲೆ ನನ್ನ ಕಂಪ್ಯೂಟರು ಏಳುತ್ತಿತ್ತು.

ತಿಳಿಯಿತು. ಎಲ್ಲ ಒಟ್ಟಿಗೇ ತಿಳಿಯಿತು. ಅತ್ತೀ, ಮುಟ್ಟಬ್ಯಾಡ್ರಿ ಎಂದು ಕೂಗಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಕನಸಿನಲ್ಲಿ ಆಗುತ್ತದಲ್ಲ, ಹಾಗೆ.

ಅತ್ತೆ ಬಗ್ಗಿ ನಲ್ಲಿಯನ್ನು ಹಿಡಿದಿದ್ದರು. ಒದ್ದೆ ನೆಲ, ಬರಿಗಾಲು, ಒದ್ದೆ ಕೈ. ಹಿಡಿದ ಕೈ ಬಿಡಲಿಲ್ಲ. ಅವರು ಚೀರಲೂ ಇಲ್ಲ. ಹಲ್ಲು ಕಚ್ಚಿದ ಸಂದಿನಿಂದ ಒಂದು ಗೊರಗೊರ ಸದ್ದು ಬರುತ್ತಿತ್ತು. ಕೈಯ ಬಂಗಾರದ ಬಳೆಗಳು ನಲ್ಲಿಗೆ ತಾಗಿ ಕಿಣಿಕಿಣಿ, ಕಿಣಿಕಿಣಿ ಅನ್ನುತ್ತಿದ್ದವು. ಆ ಸದ್ದನ್ನು ನಾನು ಮರೆತಿಲ್ಲ.

ಎಳೆಯಬೇಕೆಂದು ಎರಡು ಕೈ ಚಾಚಿ ಹೊಸ್ತಿಲ ತನಕ ಹೋದೆ. ನನ್ನ ತೋಳಿನ ನೋವು ಇನ್ನೂ ಆರಿರಲಿಲ್ಲ. ಅದೇ ನನ್ನನ್ನು ತಡೆಯಿತು. ಹಿಂದಕ್ಕೆ ಸರಿದು ಸ್ವಿಚ್ಚನ್ನು ಗುದ್ದಿದೆ. ಕೆಂಪು ದೀಪ ಆರಿತು. ಅತ್ತೆ ಬಟ್ಟೆಯ ಗಂಟಿನ ಹಾಗೆ ಬಕೀಟಿನ ಪಕ್ಕಕ್ಕೆ ಕುಸಿದರು.

ಆಗಲೂ ಅವರನ್ನು ಮುಟ್ಟಲು ಧೈರ್ಯವಾಗಲಿಲ್ಲ. ಮುಂಬಾಗಿಲ ಮೇಲಿನ ಮೇನ್ ಸ್ವಿಚ್ಚಿಗೆ ಓಡಿದೆ, ಸ್ಟೂಲು ಹತ್ತಿ ಅದನ್ನು ಕೆಳಕ್ಕೆ ಎಳೆದೆ. ಫ್ರಿಜ್ಜಿನ ಸದ್ದು ನಿಂತಿತು, ಕಂಪ್ಯೂಟರಿನ ಸದ್ದು ನಿಂತಿತು. ಇಡೀ ಮನೆಯಲ್ಲಿ ನೀರು ಬೀಳುವ ಸದ್ದೊಂದೇ. ಬಚ್ಚಲಿಗೆ ಬಂದು ನೋಡಿದರೆ ಅತ್ತೆಯ ಕಣ್ಣು ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

"ಅತ್ತೀ! ಅತ್ತೀ!"

ತುಟಿ ಅಲುಗಿದವು. ಬಗ್ಗಿ ಕಿವಿಯಿಟ್ಟೆ.

"ನಳ... ಬಂದ್ ಮಾಡು."

ಅದು ನನ್ನಿಂದ ಆಗಲಿಲ್ಲ. ಇಡೀ ಮನೆಗೆ ಕರೆಂಟಿಲ್ಲ ಎಂದು ಗೊತ್ತು, ಆದರೂ ಕೈ ಆ ನಲ್ಲಿಯ ಕಡೆ ಹೋಗಲೊಲ್ಲದು. ಅತ್ತೆಯ ಕಂಕುಳಿಗೆ ಕೈ ಹಾಕಿ ಎಳೆದು ಎಳೆದು ಪ್ಯಾಸೇಜಿಗೆ ತಂದೆ. ನೀರೂ ನಮ್ಮ ಹಿಂದೆಯೇ ಹರಿದು ಬಂತು. ಯಾರೋ ಬಾಗಿಲು ಬಡಿಯುತ್ತಿದ್ದರು. ಎಷ್ಟು ಹೊತ್ತಿನಿಂದಲೋ, ಗಂಟೆ ಬಾರಿಸಲು ಕರೆಂಟು ಎಲ್ಲಿತ್ತು? ತೆರೆದರೆ ಯುಪಿಎಸ್ ಎತ್ತಿಕೊಂಡು ನಿಂತ ರಿಪೇರಿಯವರು. ಒಳಗೆ ನೋಡಿದವರೇ ಅದನ್ನು ಮೆಟ್ಟಿಲ ಮೇಲೆಯೇ ಇಟ್ಟು ಓಡಿಬಂದರು. ಅತ್ತೆಯನ್ನು ದಾಟಿ ನಲ್ಲಿಯ ಕಡೆ ಹೋದರು. ಮೊದಲು ಹೊರಡದ ಕೂಗು ಆಗ ಹೊರಟಿತು. "ಹಾತ್ ಲಾವೂ ನಕಾ!" ಎಂದು ಕಟ್ಟಡವೆಲ್ಲ ಕೇಳುವ ಹಾಗೆ ಚೀರಿದೆ. ಕೈ ಹಚ್ಚಬೇಡಿ ಎಂದು. ಅವರು ನಿಂತರು, ಬಾಗಿಲ ಮೇಲಿನ ಮೇನ್ ಸ್ವಿಚ್ಚನ್ನು ನೋಡಿದರು, ನನ್ನನ್ನು ನೋಡಿದರು. ಆ ದಿನ "ಘಾಬರೂ ನಕಾ" ಎಂದು ಅವರು ಹೇಳಲಿಲ್ಲ.

ಇಬ್ಬರೂ ಸೇರಿ ಅತ್ತೆಯನ್ನು ಕುರ್ಚಿಯಲ್ಲಿ ಕೂಡಿಸಿ ಮೂರು ಮಹಡಿ ಇಳಿಸಿದೆವು. ಅವರ ಬಲ ಮಣಿಕಟ್ಟು ಜೋತುಬಿದ್ದಿತ್ತು. ರಿಕ್ಷಾದಲ್ಲಿ ನಾನು ಅವರನ್ನು ತಬ್ಬಿಕೊಂಡು ಕೂತೆ, ರಿಪೇರಿಯವರು ಸ್ಕೂಟರಿನಲ್ಲಿ ಮುಂದೆ ದಾರಿ ಬಿಡಿಸುತ್ತ ಹೊರಟರು. ಅತ್ತೆಯ ಒದ್ದೆ ಸೀರೆಯಿಂದ ನನಗೂ ಚಳಿ ಹತ್ತಿ ಇಬ್ಬರೂ ಗಡಗಡ ನಡುಗುತ್ತಿದ್ದೆವು. ಅವರ ಎದೆ ಬಡಿಯುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಕೈಯಿಟ್ಟು ನೋಡುತ್ತಿದ್ದೆ.

ಸ್ವಲ್ಪ ದೂರ ಹೋದ ಮೇಲೆ ಅವರು ಮುಖ ನನ್ನ ಕಡೆ ತಿರುಗಿಸಿದರು. "ಬಾಯಿ ಸೊಟ್ಟ ಆಗ್ಯದೇನು ನೋಡು."

"ಇಲ್ರಿ ಅತ್ತಿ. ನೆಟ್ಟಗದ."

"ಸುಳ್ಳ ಹೇಳಬ್ಯಾಡ. ಮಾತು ತೊದಲತದೇನು?"

"ಇಲ್ರಿ. ಲಕ್ವಾ ಅಲ್ರಿ ಅತ್ತಿ ಅದು. ಕರೆಂಟ್ ಹೊಡೀತ್ರಿ. ನಳದಾಗ ಕರೆಂಟ್ ಬರ್ತಿತ್ತು. ದಿನಾ ಅದೇ ಬರ್ತಿತ್ತು ನಿಮ್ಮ ಕೈಗೆ."

ಅವರು ನನ್ನ ಮುಖವನ್ನೇ ನೋಡಿದರು. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿತ್ತು.

"ಬರೇ ಕರೆಂಟ?" ಎಂದರು. ಆಮೇಲೆ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಮಣಿಕಟ್ಟಿನ ಎಲುಬು ಮುರಿದಿತ್ತು, ಅಂಗೈಯಲ್ಲಿ ಒಂದು ಸುಟ್ಟ ಕಲೆ. ಎದೆಯ ಇಸಿಜಿ ಪಟ್ಟಿ ತೆಗೆದು ನೋಡಿದ ಡಾಕ್ಟರು ಏನೂ ತೊಂದರೆಯಿಲ್ಲ, ಆದರೂ ಒಂದು ದಿನ ಇಲ್ಲೇ ಇರಲಿ ಎಂದರು. ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ ಅತ್ತೆ ಅವತ್ತು ಸಂಜೆ ತಮ್ಮ ಅಕ್ಕನ ಕಥೆ ಹೇಳಿದರು. ಲಕ್ವಾ ಹೊಡೆದು ಆಕೆ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಳಂತೆ. ಮೊದಲು ಜೋಮು ಹಿಡಿದದ್ದು ಬಲಗೈಯೇ. ನಮ್ಮ ಬಚ್ಚಲಿನಲ್ಲಿ ಮೊದಲ ಸಲ ಕೈ ಜುಂ ಎಂದ ದಿನವೇ ತನ್ನ ಸರದಿ ಬಂತೆಂದು ಅತ್ತೆ ತಿಳಿದಿದ್ದರು. ಮಗ ದೂರದಲ್ಲಿ, ಸೊಸೆ ಮೊದಲೇ ಅಂಜುಬುರುಕಿ, ಹೇಳಿ ಏನು ಮಾಡುವುದು ಎಂದು ಯಾರಿಗೂ ಹೇಳಲಿಲ್ಲ. ಬಲಗೈ ಹೋದರೆ ಯಾರಿಗೂ ಭಾರವಾಗಬಾರದೆಂದು ನಾನು ಹೆಡ್‌ಫೋನ್ ಹಾಕಿಕೊಂಡು ಕೂತ ಹೊತ್ತಿನಲ್ಲಿ ಎಡಗೈಯಿಂದ ಅಡುಗೆ ಕೆಲಸ ರೂಢಿ ಮಾಡಿಕೊಳ್ಳುತ್ತಿದ್ದರು.

"ಎಡಗೈಲೇ ರೊಟ್ಟಿ ಬಡೀಲಿಕ್ಕೆ ಮಾತ್ರ ಬರಲಿಲ್ಲ ನೋಡವಾ," ಎಂದರು. ಅವರ ಮುಖದಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ, ಎಲುಬು ಮುರಿದದ್ದು ಬೇರೆ ಯಾರದೋ ಎಂದು ತಿಳಿಯಬೇಕು.

ಬಾರಾಮತಿಯಿಂದ ಗಂಡ ಬಂದರು. ಸೊಸೈಟಿಯ ಇಲೆಕ್ಟ್ರಿಶಿಯನ್ನನ್ನು ಕರೆಸಿ ಎಲ್ಲ ತೋರಿಸಿದೆವು. ಗಡಸು ನೀರಿನಿಂದ ನಮ್ಮ ಗೀಸರಿನ ಒಳಗಿನ ಸುರುಳಿ ಸವೆದು ಕರೆಂಟು ಅದರ ಮೈಗೆ ಇಳಿಯುತ್ತಿತ್ತು. ಹಾಗೆ ಇಳಿದ ಕರೆಂಟು ಅರ್ಥಿಂಗಿನ ತಂತಿ ಹಿಡಿದು ನೆಲಕ್ಕೆ ಹೋಗಬೇಕು. ನಮ್ಮ ಹಳೆಯ ಕಟ್ಟಡದಲ್ಲಿ ಆ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಬಿಗಿದಿದ್ದರು. ದೀಪಾವಳಿಯ ಮುಂದೆ ಸೊಸೈಟಿಯವರು ತುಕ್ಕು ಹಿಡಿದ ಪೈಪು ಕಿತ್ತು ಪ್ಲಾಸ್ಟಿಕ್ಕಿನದು ಹಾಕಿಸಿದ್ದರು. ತಂತಿ ಹಾಗೆಯೇ ಗಾಳಿಯಲ್ಲಿ ಜೋತುಬಿದ್ದಿತ್ತು. ಬಚ್ಚಲಿನ ಹಿಂದಿನ ಕಿರುಕಿಂಡಿಯಲ್ಲಿ ಬಗ್ಗಿ ನೋಡಿದಾಗ ಅದರ ತುದಿ ನಮ್ಮೆಲ್ಲರಿಗೂ ಕಂಡಿತು. ಹೋಗಲು ದಾರಿಯಿಲ್ಲದ ಕರೆಂಟು ನಲ್ಲಿಗೂ ಬರುತ್ತಿತ್ತು, ಅದೇ ತಂತಿಯ ಮೂಲಕ ನನ್ನ ಕಂಪ್ಯೂಟರಿನ ತಗಡಿಗೂ ಬರುತ್ತಿತ್ತು, ಅಲ್ಲಿಂದ ಫೋನಿನ ತಂತಿಯ ಕಡೆ ನುಗ್ಗಿ ಯಂತ್ರವನ್ನು ಬೀಳಿಸುತ್ತಿತ್ತು. ರಿಪೇರಿಯವರು ಇದನ್ನೆಲ್ಲ ಕೇಳಿ ನಮ್ಮ ಸೋಫಾದ ಮೇಲೆ ಕೂತುಬಿಟ್ಟರು. ಎಷ್ಟು ಸಲ ಆ ಡಬ್ಬಿಯನ್ನು ಬರಿಗೈಯಿಂದ ತಬ್ಬಿ ಎತ್ತಿದ್ದೆ ಎಂದು ಮತ್ತೆ ಮತ್ತೆ ಹೇಳಿಕೊಂಡರು. ಅದಕ್ಕೂ ಮೊದಲೇ ಒಂದು ಸಲ ಅವರು ಬೆಳಿಗ್ಗೆ ಬಂದಿದ್ದರೆ ಎಂದು ನಾನು ಯೋಚಿಸಿದೆ.

ಇಡೀ ಕಟ್ಟಡಕ್ಕೆ ಹೊಸ ಅರ್ಥಿಂಗ್ ಹಾಕಿಸಿದರು. ಕೆಳಗಿನ ಮನೆಯವರೂ ತಮ್ಮ ಫ್ರಿಜ್ಜು ಆಗಾಗ ಚುಚ್ಚುತ್ತಿತ್ತು ಎಂದು ಆಗ ಹೇಳಿದರು. ಕಂಪ್ಯೂಟರು ಆಮೇಲೆ ಒಂದು ಬೆಳಿಗ್ಗೆಯೂ ಬೀಳಲಿಲ್ಲ. ಆದರೆ ನನ್ನ ಫೈಲುಗಳು ಅಷ್ಟರಲ್ಲಿ ಬೇರೆ ಯಾರಿಗೋ ಹೋಗಿದ್ದವು. ಇನ್ನೊಂದು ಕಚೇರಿಯಲ್ಲಿ ಕೆಲಸ ಸಿಗಲು ಬೇಸಿಗೆ ಬರಬೇಕಾಯಿತು.

ನನ್ನ ಅಂಜಿಕೆ ಮಾತ್ರ ದುರಸ್ತಿಯಾಗಲಿಲ್ಲ. ನಲ್ಲಿ ಮುಟ್ಟುವ ಮೊದಲು ಹೊರಗೈ ತಾಗಿಸಿ ನೋಡುವುದು ಇವತ್ತಿಗೂ ಇದೆ. ಹೊರಗೈಗೆ ಕರೆಂಟು ಬಡಿದರೆ ಕೈ ಹಿಂದಕ್ಕೆ ಹಾರುತ್ತದೆ, ಅಂಗೈಗೆ ಬಡಿದರೆ ಮುಷ್ಟಿ ಬಿಗಿಯುತ್ತದೆ ಎಂದು ಯಾರೋ ಹೇಳಿದ್ದರು. ಹೊಸ ಗೀಸರು ಬಂದು ಗೋಡೆ ಹತ್ತಿದ ಮೇಲೂ ನಾನು ಗ್ಯಾಸಿನ ಮೇಲೆ ಪಾತೇಲಿಯಲ್ಲಿ ನೀರು ಕಾಯಿಸಿ ಎಲ್ಲರಿಗೂ ಸ್ನಾನ ಮಾಡಿಸುತ್ತಿದ್ದೆ. ಏನಾದರೂ ಎಡವಟ್ಟಾದರೆ ತಾನೇ ಬಂದಾಗುವ ಸ್ವಿಚ್ಚು ಕೂಡಿಸಿದ್ದಾರೆ ಎಂದು ಗಂಡ ಎಷ್ಟು ಹೇಳಿದರೂ ಆ ಕೆಂಪು ದೀಪ ಹಚ್ಚಲು ನಾನು ಬಿಡಲಿಲ್ಲ.

ಒಂದು ಐತವಾರ ಗಂಡ ರೇಗಿ ತಾವೇ ಗೀಸರು ಹಚ್ಚಿ, ನೀರು ಕಾದ ಮೇಲೆ "ತಡೀರಿ, ನಾ ಹೋಗಿ ನೋಡ್ತೀನಿ," ಎಂದು ಟವೆಲು ಹೆಗಲಿಗೆ ಹಾಕಿಕೊಂಡರು. ಅತ್ತೆ ಪ್ಲಾಸ್ಟರಿನ ಕೈಯನ್ನು ಎದೆಗೆ ಆನಿಸಿಕೊಂಡು ಎದ್ದರು.

"ನೀ ಬ್ಯಾಡ. ಈಕಿನೂ ಬ್ಯಾಡ, ಸಣ್ಣ ಕೂಸಿನ ತಾಯಿ. ನಂದು ಎಲ್ಲಾ ನೋಡಿ ಮುಗಿದದ, ನಾ ಹೋಗ್ತೀನಿ."

"ನಾನೂ ಬರ್ತೀನ್ರಿ ಅತ್ತಿ."

"ಇಬ್ಬರೂ ಒಮ್ಮೆಲೆ ಬ್ಯಾಡ. ನೀ ಇಲ್ಲೇ ಸ್ವಿಚ್ಚಿನ ಕಡೆ ನಿಲ್ಲು."

ಅವರು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ನಾನು ಎರಡೂ ಕೈ ಸ್ವಿಚ್ಚಿನ ಮೇಲೆ ಇಟ್ಟುಕೊಂಡು ನಿಂತೆ. ಒಳಗೆ ಅತ್ತೆ ಎಡಗೈಯನ್ನು ನಲ್ಲಿಯ ಹತ್ತಿರ ಒಯ್ದರು, ನಿಂತರು. ಏನೋ ದೇವರ ಹೆಸರು ಹೇಳಿದ್ದು ಕೇಳಿಸಿತು. ಅವರ ಬೆನ್ನು ನಡುಗುತ್ತಿತ್ತು, ಅದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ನಲ್ಲಿ ತಿರುಗಿಸಿದರು.

"ಅತ್ತೀ?"

ನೀರು ಬಕೀಟಿಗೆ ಬೀಳುತ್ತಿತ್ತು.

"ಅತ್ತೀ! ಮಾತಾಡ್ರಿ!"

"ಯಾಕ ಒದರ್ತಿ?" ಎಂದಿತು ಅವರ ಹಳೆಯ ದೊಡ್ಡ ದನಿ. "ನೀರು ಬೆಚ್ಚಗದ. ಬಂದು ಬೆನ್ನು ತಿಕ್ಕು."